1970ರ ದಶಕದ ಬ್ರಿಟಿಷ್ ಲಾಗರ್ (ತಣ್ಣಗೆ ಹುದುಗಿಸುವ ಬಿಯರ್) ಮನೆಯಲ್ಲಿ ಮಾಡಲು ಮುಸುಕಿನ ಜೋಳ ಬಿಟ್ಟು, ಜರ್ಮನ್ ಪದ್ಧತಿಯಲ್ಲಿ ಬರೀ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಳಸಿ 3 ತಿಂಗಳು ತಣ್ಣಗಿಡಬೇಕೇ?

ಜೋಳ ಬಿಡಬೇಡಿ. ಇದೇ ಅನುಮಾನದಲ್ಲಿ 69 ಲೀಟರ್ ಬಿಯರನ್ನು ಮೋರಿಗೆ ಸುರಿದವನು ನಾನು.

ನಾನಿರುವುದು ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್‌ನಲ್ಲಿ. ಪಕ್ಕದ ಮನೆಯ ಹಿರಿಯರು ಎಪ್ಪತ್ತರ ದಶಕದಲ್ಲಿ ಇಲ್ಲಿಯದೇ ಒಂದು ಬ್ರೂವರಿಯಲ್ಲಿ ದುಡಿದವರು. ಆಗಿನ ಲಾಗರ್ ಇನ್ನೊಮ್ಮೆ ಕುಡಿಯಬೇಕು ಅಂದರು, ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟೆ. ಲಾಗರ್ ಮಾಲ್ಟ್ ತಂದೆ, ಐದರಲ್ಲೊಂದು ಪಾಲು ಅವಲಕ್ಕಿಯಂತೆ ಒತ್ತಿದ ಮುಸುಕಿನ ಜೋಳ ಸೇರಿಸಿದೆ. ತಯಾರಾದ ಮೇಲೆ ಗ್ಲಾಸಿಗೆ ಮೂಗಿಟ್ಟರೆ ಬೇಯಿಸಿದ ಜೋಳದ ತೆನೆಯ ವಾಸನೆ! ಸ್ವಲ್ಪ ಬೆಚ್ಚಗಾದರೆ ಎಲೆಕೋಸು ಬೇಯಿಸಿದ ನೀರು. ಜೋಳದ ವಾಸನೆ ಬಂದರೆ ಜೋಳವೇ ಕಾರಣ ತಾನೇ? ಎರಡನೇ ಸಲ ಬರೀ ಮಾಲ್ಟ್ ಹಾಕಿದೆ, ವಾಸನೆ ಹೆಚ್ಚಾಯಿತು. ಮೂರನೇ ಸಲ ಜರ್ಮನ್ನರಂತೆ, ಬಿಸಿನೀರಲ್ಲಿ ನೆನೆಸಿದ ಮಾಲ್ಟ್, ಅಂದರೆ ಮ್ಯಾಶ್‌ನ ಒಂದು ಪಾಲು ತೆಗೆದು ಕುದಿಸಿ ವಾಪಸ್ ಬೆರೆಸಿದೆ. ಅದೂ ಹಾಗೆಯೇ.

ನಾಲ್ಕನೇ ಸಲ ಹಿರಿಯರೇ ಗ್ಯಾರೇಜಿಗೆ ಬಂದರು. ಕುದಿಯುತ್ತಿದ್ದ ಹಂಡೆಯ ಮುಚ್ಚಳ ಎತ್ತಿ, ಅದರ ಒಳಮೈಯಿಂದ ತೊಟ್ಟಿಕ್ಕುತ್ತಿದ್ದ ಹನಿಗಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಅದೇ ಎಲೆಕೋಸು. "ಓಡಿಸಬೇಕಾದ್ದನ್ನೇ ಹಿಡಿದು ಹಂಡೆಗೆ ಹಾಕ್ತಿದ್ದೀಯಲ್ಲ" ಅಂದರು.

ಗ್ಯಾಸ್ ಉಳಿಸಲು ಮುಚ್ಚಳ ಹಾಕುವುದು ನನ್ನ ಅಭ್ಯಾಸ. ಏಲ್ (ಬೆಚ್ಚಗೆ ಹುದುಗಿಸುವ ಬಿಯರ್) ಮಾಡುವಾಗ ಇದರಿಂದ ಯಾವತ್ತೂ ತೊಂದರೆಯಾಗಿರಲಿಲ್ಲ, ಮೋಸ ಹೋದದ್ದು ಅಲ್ಲೇ. ಏಲ್ ಮಾಲ್ಟನ್ನು ಹೆಚ್ಚು ಕಾವಿನಲ್ಲಿ ಒಣಗಿಸುತ್ತಾರೆ. ಲಾಗರ್ ಮಾಲ್ಟ್ ತಿಳಿ ಬಣ್ಣದಲ್ಲೇ ಇರಲಿ ಅಂತ ಕಾವು ಕಡಿಮೆ, ಹಾಗಾಗಿ ಎಸ್‌ಎಂಎಂ ಎಂಬ ವಸ್ತು ಅದರಲ್ಲಿ ಹೆಚ್ಚು ಉಳಿದಿರುತ್ತದೆ. ಕುದಿಸಿದಾಗ ಅದು ಒಡೆದು ಡಿಎಂಎಸ್ ಆಗುತ್ತದೆ, ವಾಸನೆ ಇದರದ್ದು. ಬಾಯಿ ತೆರೆದ ಹಂಡೆಯಲ್ಲಾದರೆ ಆವಿಯ ಜೊತೆ ಹೋಗಿಬಿಡುತ್ತದೆ, ಮುಚ್ಚಿದರೆ ನೀರಾಗಿ ವಾಪಸ್ ಬೀಳುತ್ತದೆ. ಅದೂ ಸಾಲದೆಂಬಂತೆ ರಾತ್ರಿಯಿಡೀ ತಾನಾಗಿ ಆರಲು ಬಿಡುತ್ತಿದ್ದೆ. ಬಿಸಿ ಇರುವಷ್ಟು ಹೊತ್ತೂ ಎಸ್‌ಎಂಎಂ ಒಡೆಯುತ್ತಲೇ ಇತ್ತು, ಹೊತ್ತೊಯ್ಯಲು ಆವಿ ಇರಲಿಲ್ಲ. ಜೋಳ ತೆಗೆದು ಮಾಲ್ಟ್ ಹೆಚ್ಚಿಸಿದಾಗ ವಾಸನೆ ಜಾಸ್ತಿಯಾದದ್ದು ಇದಕ್ಕೇ.

ಇನ್ನು ನಿಮ್ಮ ಜರ್ಮನ್ ಪದ್ಧತಿ, 3 ತಿಂಗಳು. ಹಾಗೆ ಮಾಡಿದರೆ ಒಳ್ಳೆಯ ಬಿಯರ್ ಬರಬಹುದು, ನೀವು ಹುಡುಕುತ್ತಿರುವ ಬಿಯರ್ ಬರುವುದಿಲ್ಲ. ಬ್ರಿಟನ್ನಿಗೆ ಲಾಗರ್ ಹೊಸದೇನಲ್ಲ. ವೇಲ್ಸಿನ ರೆಕ್ಸ್‌ಹ್ಯಾಮ್‌ನಲ್ಲಿ 1882ರಲ್ಲೇ ಲಾಗರ್ ಬ್ರೂವರಿ ಶುರುವಾಗಿತ್ತು, ನಮ್ಮೂರಲ್ಲೇ ಆಲ್ಸಾಪ್ ಕಂಪನಿ 1899ರಲ್ಲಿ ಲಾಗರ್‌ಗೆಂದು ಬ್ರೂವರಿ ಕಟ್ಟಿತ್ತು. ಆದರೆ ಜನ ಮುಗಿಬಿದ್ದದ್ದು 1960ರಲ್ಲಿ ಹಾರ್ಪ್ ಎಂಬ ಲಾಗರ್ ಬಂದ ನಂತರದ ದಶಕಗಳಲ್ಲಿ. 1993ರವರೆಗೆ ಇಲ್ಲಿ ಸುಂಕ ಹಾಕುತ್ತಿದ್ದದ್ದು ಯೀಸ್ಟ್ ಹಾಕುವ ಮೊದಲಿನ ಸಿಹಿ ರಸ, ಅಂದರೆ ವರ್ಟ್‌ನ ಸಾಂದ್ರತೆಯ ಮೇಲೆ. ವರ್ಟ್ ಗಟ್ಟಿಯಾದಷ್ಟೂ ಸುಂಕ ಹೆಚ್ಚು, ಹಾಗಾಗಿ ತೆಳುವಾಗಿಯೇ ಮಾಡುತ್ತಿದ್ದರು. ವಿಟ್‌ಬ್ರೆಡ್ ಕಂಪನಿ ಬ್ರಿಟನ್ನಿನಲ್ಲಿ ತಯಾರಿಸುತ್ತಿದ್ದ ಹೈನೆಕೆನ್‌ನಲ್ಲಿ ಆಲ್ಕೋಹಾಲ್ ಶೇ. 3.4ರ ಆಸುಪಾಸು. ಎಷ್ಟೋ ಕಡೆ ಏಲ್‌ನ ಪಾತ್ರೆಯಲ್ಲೇ, ಒಂದೇ ಬಿಸಿಯಲ್ಲಿ ಮ್ಯಾಶ್ ಮಾಡುತ್ತಿದ್ದರು. ತಣ್ಣಗಿಡುವುದು ಒಂದೆರಡು ವಾರ, ಆಮೇಲೆ ಸೋಸಿ, ಪಾಶ್ಚರೀಕರಿಸಿ, ಗ್ಯಾಸ್ ತುಂಬಿ ಕೆಗ್‌ಗೆ.

ನೀವೂ ಅಷ್ಟೇ ಮಾಡಿ. ವರ್ಟ್‌ನ ಸಾಂದ್ರತೆ 1033 (ಬರೀ ನೀರಿನದು 1000), ಮ್ಯಾಶ್ 65 ಡಿಗ್ರಿ, ಲಾಗರ್ ಯೀಸ್ಟ್ ಹಾಕಿ 10-12 ಡಿಗ್ರಿ, ಹುದುಗಿದ ಮೇಲೆ ಸೊನ್ನೆಯ ಹತ್ತಿರ 2 ವಾರ. ಮುಚ್ಚಳವಿಲ್ಲದೆ 90 ನಿಮಿಷ ಜೋರಾಗಿ ಕುದಿಸಿ, ಅರ್ಧ ಗಂಟೆಯೊಳಗೆ ತಣ್ಣಗಾಗಿಸಿ. ಮೊದಲ ಕುದಿಗೆ ಹಾಲಿನಂತೆ ಉಕ್ಕುತ್ತದೆ, ಪಕ್ಕದಲ್ಲೇ ನಿಂತಿರಿ. ನನ್ನ ಹಂಡೆಯಲ್ಲಿ ಗಂಟೆಗೆ 3 ಲೀಟರ್ ಆವಿಯಾಗಿ ಹೋಗುತ್ತದೆ, 90 ನಿಮಿಷಕ್ಕೆ ನಾಲ್ಕೂವರೆ ಲೀಟರ್ ನೀರು ಮೊದಲೇ ಹೆಚ್ಚಿಗೆ ಇಟ್ಟುಕೊಳ್ಳಿ.