ಮೈಸೂರಿನ ಕೆಫೆಗಳಲ್ಲಿ ಸಿಗುವ ಕಪ್ಪು 'ಕ್ರಾಯ್ಸೆಂಟ್' (ಪದರ ಪದರವಾದ ಫ್ರೆಂಚ್ ತಿನಿಸು) ತಿಂದರೆ ದೇಹದ ವಿಷ ಹೋಗುತ್ತಾ? ಆ ಹೆಸರಿನ ಸರಿಯಾದ ಉಚ್ಚಾರ ಏನು?

ಮೊದಲು ಹೆಸರು. ಫ್ರೆಂಚಿನಲ್ಲಿ ಅದು ಹೆಚ್ಚುಕಡಿಮೆ 'ಕ್ರ್ವಾಸಾಂ'. ಕೊನೆಯ 'ಟ' ಉಚ್ಚರಿಸುವುದಿಲ್ಲ, 'ಸಾಂ' ಅನ್ನುವಾಗ ತುಟಿ ಮುಚ್ಚದೆ ಸ್ವರವನ್ನು ಮೂಗಿನಿಂದ ಬಿಡಬೇಕು. ಛತ್ರದ 'ಬಫೆ'ಯಲ್ಲಿ 'ಟ' ಬಿಟ್ಟಿರುವುದೂ ಇದೇ ಕಾರಣಕ್ಕೆ. ಆದರೆ 'ರೆಸ್ಟೋರೆಂಟ್' ಇಂಗ್ಲಿಷ್ ಮೂಲಕ ಬಂದು ನಮ್ಮದಾಗಿದೆ, ಅದನ್ನು ತಿದ್ದುವುದು ಬೇಡ.

ಇನ್ನು ಕಪ್ಪು ಬಣ್ಣ. ಅದು ಒಲೆಯ ಇದ್ದಿಲಲ್ಲ, ಹೆಚ್ಚಾಗಿ ತೆಂಗಿನ ಚಿಪ್ಪನ್ನು ಸುಟ್ಟು, ಬಿಸಿ ಹಬೆ ಹಾಯಿಸಿ ಸೂಕ್ಷ್ಮ ರಂಧ್ರ ಮೂಡಿಸಿದ ಸಕ್ರಿಯ ಇದ್ದಿಲು. ವಿಷ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಇದನ್ನು ಕೊಡುವುದು ನಿಜ: ವಯಸ್ಕರಿಗೆ 50ರಿಂದ 100 ಗ್ರಾಂ, ಸಾಧ್ಯವಾದರೆ 1 ಗಂಟೆಯೊಳಗೆ. ಅದು ಹಿಡಿಯುವುದು ಹೊಟ್ಟೆ, ಕರುಳಿನಲ್ಲಿ ಇರುವುದನ್ನು. ಮದ್ಯ, ಕಬ್ಬಿಣದ ಮಾತ್ರೆಗಳ ಮೇಲೆ ಕೆಲಸ ಮಾಡುವುದೇ ಇಲ್ಲ. ರಕ್ತ ಶುದ್ಧಿ ಮಾಡುವುದು ಯಕೃತ್ತು, ಮೂತ್ರಪಿಂಡ. ತಿಂಡಿಗೆ ಬೆರೆಸಿದ ಚಿಟಿಕೆ ಪುಡಿ ಬರೀ ಬಣ್ಣ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಇದ್ದಿಲಿಗೆ ವಿಷ ಯಾವುದು, ಔಷಧಿ ಯಾವುದು ಗೊತ್ತಾಗುವುದಿಲ್ಲ. ಗರ್ಭನಿರೋಧಕ ಮಾತ್ರೆಯನ್ನೂ ಹೀರಿಕೊಳ್ಳಬಹುದು. ದಿನಾ ಮಾತ್ರೆ ನುಂಗುವವರು ದಯವಿಟ್ಟು ಈ ಕಪ್ಪು ತಿಂಡಿಯನ್ನು ಬಿಡಿ. ಪುಡಿ ಹೆಚ್ಚಾದರೆ ಮಲಬದ್ಧತೆಯೂ ಬರುತ್ತದೆ.

ಮಂಡ್ಯದ ಹಳ್ಳಿಗಳಲ್ಲಿ ಇದ್ದಿಲಿನಿಂದ ಹಲ್ಲುಜ್ಜುವವರು ಈಗಲೂ ಇದ್ದಾರೆ. ಕಲೆ ಹೋಗುತ್ತದೆ, ಜೊತೆಗೆ ಹಲ್ಲಿನ ಮೇಲಿನ ಗಟ್ಟಿ ಪದರವಾದ ಎನಾಮಲ್ಲೂ ಸವೆಯುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ.