ಡಬ್ಬಿ ಬಿಚ್ಚುವ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ಹುಡುಗಿಯ ಹೆಸರು, ಮನೆಯ ವಿವರ, ಕಾಲೇಜು, ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.)

"ನಮ್ಮ ಹುಡುಗಿ ಓದೂದು ಬಿಟ್ಟು ಬರೇ ಡಬ್ಬಿ ಚಿತ್ರ ತಗೀಕೋತ ಕುಂದರ್ತಾಳ್ರಿ ಮೇಡಂ. ತಲಿ ಸರಿ ಐತೋ ಇಲ್ಲೋ ನೀವ ನೋಡ್ರಿ."

ಗಂಗಾವತಿ ಕಡೆಯಿಂದ ಬಂದಿದ್ದ ತಂದೆ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ ಮೊದಲ ಮಾತು ಇದು. ಅವರು ಅಕ್ಕಿ ಗಿರಣಿಯೊಂದರಲ್ಲಿ ತುಂಬಿದ ಚೀಲದ ಬಾಯಿ ಹೊಲಿಯುವ ಕೆಲಸ ಮಾಡುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಅದರ ಭತ್ತ, ಭತ್ತದ ಗಿರಣಿ. ಆ ಭಾಗದ ಎಷ್ಟೋ ಮನೆಗಳ ಅನ್ನ ಬರುವ ದಾರಿ ಅದೇ. ಮಗಳು ಕವಿತಾಗೆ 17 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 91 ಬಂದಿತ್ತು. ಸಾಲ ಮಾಡಿ, ನೀಟ್ ತರಬೇತಿಯೂ ಇರುವ ಹಾಸ್ಟೆಲ್ ಕಾಲೇಜಿಗೆ ಸೇರಿಸಿದ್ದರು. ಮೊದಲ ಪಿಯುಸಿ ಅರ್ಧ ಮುಗಿಯುವಷ್ಟರಲ್ಲಿ ಊಟ ಸೇರುತ್ತಿರಲಿಲ್ಲ, ನಿದ್ದೆ ಕೆಟ್ಟಿತ್ತು, ಭೌತಶಾಸ್ತ್ರದಲ್ಲಿ ಎರಡು ಸಲ ಫೇಲು. ದಸರಾ ರಜೆಗೆ ಮನೆಗೆ ಬಂದವಳು ವಾಪಸ್ ಹೋಗಲು ಒಪ್ಪಲಿಲ್ಲ.

ಅಪ್ಪ ಹೊರಗೆ ಚಹಾ ಕುಡಿಯಲು ಹೋದ ಮೇಲೆ ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ನಾನು ಹೂವು, ಮುಖ, ದೇವರ ಚಿತ್ರ ಇರಬಹುದು ಅಂದುಕೊಂಡಿದ್ದೆ. ಇದ್ದದ್ದು ಬಿಚ್ಚಿದ ಡಬ್ಬಿಗಳು. ಊದುಬತ್ತಿ ಪೊಟ್ಟಣ, ಪೇಸ್ಟಿನ ಡಬ್ಬಿ, ಮಾತ್ರೆಯ ಡಬ್ಬಿ. ಅಂಟನ್ನು ಹುಷಾರಾಗಿ ಬಿಡಿಸಿ, ಚಪ್ಪಟೆ ಮಾಡಿ, ಅಳತೆ ಸಮೇತ ಬರೆದಿದ್ದಳು. ಮಡಿಕೆಗೆ ಚುಕ್ಕಿ ಗೆರೆ, ಕತ್ತರಿಸುವ ಕಡೆ ಗಟ್ಟಿ ಗೆರೆ. ಯಾರೂ ಹೇಳಿಕೊಟ್ಟಿರಲಿಲ್ಲ.

"ಬಿಚ್ಚಿದ್ರ ಬರೇ ಒಂದ ಹಾಳಿ ಇರತೈತ್ರಿ ಮೇಡಂ. ಒಂದ ಹಾಳಿ ಮಡಚಿ ಇಷ್ಟೆಲ್ಲಾ ಮಾಡ್ಯಾರ." ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗಿ ಆಗ ಮೊದಲ ಸಲ ನನ್ನ ಮುಖ ನೋಡಿದಳು.

ಆದರೆ ನೋಟ್‌ಬುಕ್ ನೋಡಿ ಖುಷಿಪಟ್ಟು ಮುಖ್ಯ ಪ್ರಶ್ನೆ ಮರೆಯಬಾರದು. ಸಾಯಬೇಕು ಅಂತ ಅನಿಸಿದೆಯಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಮಕ್ಕಳಿಗೆ ಹಗುರಾಗುತ್ತದೆ. "ಬೆಳಿಗ್ಗೆ ಏಳೂದ ಬ್ಯಾಡ ಅನಸ್ತಿತ್ತು" ಅಂದಳು. ಏನಾದರೂ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಆದರೂ ಅದೇ ವಾರ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವಳಿಗೂ ಅವರವ್ವನಿಗೂ ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಓದಿನ ಮಾತು ಶುರು ಮಾಡಿದ್ದು ಅವಳ ನಿದ್ದೆ, ಊಟ ಸ್ವಲ್ಪ ಹದಕ್ಕೆ ಬಂದ ಮೇಲೆ.

ಅವಳು ಮಾಡುತ್ತಿದ್ದುದಕ್ಕೆ ಒಂದು ಹೆಸರಿದೆ. ಇಂಗ್ಲೆಂಡಿನಲ್ಲಿ ನಮ್ಮ ಪಿಯುಸಿ ವಯಸ್ಸಿನ ಮಕ್ಕಳು ಎ ಲೆವೆಲ್‌ನಲ್ಲಿ ಪ್ರಾಡಕ್ಟ್ ಡಿಸೈನ್ ಅನ್ನು ಒಂದು ವಿಷಯವಾಗಿಯೇ ಓದಬಹುದು. ಡಬ್ಬಿ, ಲೇಬಲ್, ಅಂಗಡಿಯಲ್ಲಿ ಸರಕು ನಿಲ್ಲಿಸುವ ಸ್ಟ್ಯಾಂಡ್ ಇಂಥವನ್ನು ಅಲ್ಲಿ ಗ್ರಾಫಿಕ್ ಪ್ರಾಡಕ್ಟ್ಸ್ ಅನ್ನುತ್ತಿದ್ದರು. ಅರ್ಧ ಅಂಕ ಬರವಣಿಗೆಯ ಪರೀಕ್ಷೆಗೆ, ಇನ್ನರ್ಧ ವಿದ್ಯಾರ್ಥಿ ತಾನೇ ಮಾಡಿದ ಒಂದು ವಸ್ತುವಿಗೆ. ಯಾರಿಗೆ ಏನು ಕಷ್ಟ ಇದೆ ಅಂತ ಹುಡುಕಬೇಕು, ನಾಲ್ಕಾರು ದಾರಿ ಯೋಚಿಸಬೇಕು, ಮಾದರಿ ಮಾಡಬೇಕು, ಬಳಸುವವರ ಕೈಗೆ ಕೊಟ್ಟು ನೋಡಬೇಕು, ತಪ್ಪು ಬರೆದಿಡಬೇಕು. ನಮ್ಮ ಭಾಗದ ಕಾಲೇಜುಗಳಲ್ಲಿ ಇದಕ್ಕೆ ಒಂದು ಪೀರಿಯಡ್ಡೂ ನಾನು ಕಂಡಿಲ್ಲ. ಇಂಥ ಮಕ್ಕಳು ನಮ್ಮಲ್ಲಿ "ಓದದೆ ಚಿತ್ರ ಬರೆಯುವವರು" ಆಗಿಬಿಡುತ್ತಾರೆ. ಇದು ನನಗೆ ತುಂಬಾ ನೋವಿನ ಸಂಗತಿ.

ಮೂರನೇ ಭೇಟಿಗೆ ಅಪ್ಪ ಅವ್ವ ಇಬ್ಬರೂ ಬಂದರು. ಅಪ್ಪನ ಪ್ರಶ್ನೆ ಒಂದೇ: "ಇದರಾಗ ಹೊಟ್ಟಿ ತುಂಬತೈತೇನ್ರಿ?" ತುಂಬುತ್ತದೆ ಅಂತ ಭರವಸೆ ಕೊಡಲು ನಾನು ಯಾರು? ಸೈನ್ಸ್ ಬಿಡಿಸಿ ಅಂತಲೂ ಹೇಳಲಿಲ್ಲ, ಸುಮ್ನೆ ವಾಪಸ್ ಕಳಿಸಿ ಅಂತಲೂ ಹೇಳಲಿಲ್ಲ. ಎಂಟು ವಾರ ಕೇಳಿದೆ. ಹಾಸ್ಟೆಲ್ ಬಿಡಿಸಿ ಮನೆಯಿಂದ ಓಡಾಡುವಂಥ ಕಾಲೇಜಿಗೆ ಹಾಕಿ, ವಿಷಯ ಸದ್ಯ ಬದಲಿಸಬೇಡಿ, ನೀಟ್ ತರಬೇತಿ ನಿಲ್ಲಿಸಿ. ಈ ಎಂಟು ವಾರದಲ್ಲಿ ಕವಿತಾ ಒಂದೇ ಒಂದು ವಸ್ತುವನ್ನು ಪೂರ್ತಿ ಮಾಡಬೇಕು. ಚಿತ್ರ ಚೆನ್ನಾಗಿ ಬರೆಯುವುದೇ ಡಿಸೈನ್ ಅಂತ ಅವಳೂ ನಂಬಿದ್ದಳು. ಆ ನಂಬಿಕೆ ಕೆಲಸದಲ್ಲೇ ಪರೀಕ್ಷೆ ಆಗಲಿ ಅನ್ನೋದು ನನ್ನ ಉದ್ದೇಶ.

ವಸ್ತು ಯಾವುದು? ಅವಳು ಸೆಂಟ್ ಬಾಟಲಿಯ ಡಬ್ಬಿ ಅಂದಳು. ಮನೆಯಲ್ಲಿ ಯಾರೂ ಸೆಂಟ್ ಬಳಸುವುದಿಲ್ಲ. ನಿನ್ನ ಕಣ್ಣ ಮುಂದೆ ದಿನಾ ಇರೋದು ಏನು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಿ ಚೀಲ" ಅಂದಳು.

ಎರಡು ವಾರ ಅವಳು ಕಿರಾಣಿ ಅಂಗಡಿಗಳ ಮುಂದೆ ನಿಂತು ನೋಡಿದಳು. ನಾನೂ ಹುಟ್ಟಿದಾಗಿನಿಂದ ಅಕ್ಕಿ ಚೀಲ ನೋಡಿದವಳೇ. ಆದರೆ ಅವಳು ಕಂಡದ್ದು ನನಗೆ ಕಂಡಿರಲಿಲ್ಲ. ಎಲ್ಲಾ ಗಿರಣಿಯವರೂ ಹೆಸರನ್ನು ಚೀಲದ ಎದೆಯ ಮೇಲೆ ದೊಡ್ಡದಾಗಿ ಹಾಕುತ್ತಾರೆ. ಅಂಗಡಿಯಲ್ಲಿ ಚೀಲ ಮಲಗಿಸಿ ಒಂದರ ಮೇಲೊಂದು ಒಟ್ಟುತ್ತಾರೆ. ಕಾಣೋದು ಬುಡ ಅಥವಾ ಪಕ್ಕ ಮಾತ್ರ, ಅಲ್ಲಿ ಏನೂ ಇರುವುದಿಲ್ಲ. ಇನ್ನೊಂದು, ಹೆಂಗಸರು ಬಂದು ಮೊದಲು ಕೇಳೋದು ಬ್ರ್ಯಾಂಡ್ ಅಲ್ಲ, "ಹಳೆ ಅಕ್ಕಿ ಐತೇನ್ರಿ?" ಅಂತ. ಚೀಲ ನೋಡಿ ಅದು ಗೊತ್ತಾಗುವುದಿಲ್ಲ. ಅವರವ್ವನಿಗೆ ಓದು ಬರುವುದಿಲ್ಲ, ಚಿತ್ರದ ಗುರುತಿನಿಂದಲೇ ಚೀಲ ತರುತ್ತಾರೆ. 25 ಕೆಜಿಯ ಬದಲು 26 ಕೆಜಿ ಚೀಲ ಯಾಕಿದೆ ಅಂತಲೂ ಕೇಳಿಕೊಂಡು ಬಂದಿದ್ದಳು. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಚೀಲದ ಅಳತೆ ಬದಲಾಗಿದ್ದು ಅದರಿಂದ.

ಐದನೇ ವಾರ ಒಂದೊಂದು ಕೆಜಿ ಅಕ್ಕಿ ಹಿಡಿಯುವ ಆರು ಪುಟ್ಟ ಬಟ್ಟೆ ಚೀಲ ಮಾಡಿದಳು. ಪಕ್ಕಕ್ಕೂ ಬುಡಕ್ಕೂ ಗುರುತು ಬಂತು. ಹಳೆ ಅಕ್ಕಿಗೆ ಒಂದು ಬಣ್ಣದ ಪಟ್ಟಿ, ಹೊಸದಕ್ಕೆ ಇನ್ನೊಂದು. ನಿವ್ವಳ ತೂಕ, ಪ್ಯಾಕ್ ಮಾಡಿದ ತಿಂಗಳು, ಗರಿಷ್ಠ ಬೆಲೆ, ವಿಳಾಸ, ಆಹಾರ ಪರವಾನಗಿಯ 14 ಅಂಕಿ, ಸಸ್ಯಾಹಾರದ ಹಸಿರು ಚುಕ್ಕೆ, ಇವೆಲ್ಲ ಇರಲೇಬೇಕಾದವು. ಅವಕ್ಕೂ ಜಾಗ ಹೊಂದಿಸಿದಳು. ಹಳೆ ಅಕ್ಕಿಯ ಪಟ್ಟಿ ಮಾತ್ರ ಚೀಲದ ಬಾಯಿಯ ಹತ್ತಿರ ಇತ್ತು.

ಆ ರಾತ್ರಿ ಅಪ್ಪ ಕೆಲಸದಿಂದ ಬಂದು ಚೀಲ ಎತ್ತಿ ನೋಡಿದರಂತೆ. "ಇದು ಹೊಲಿಗ್ಯಾಗ ಹೋಗತೈತವ್ವ" ಅಂದರಂತೆ. ಬಾಯಿ ಮಡಚಿ ಹೊಲಿದಾಗ ಮೇಲಿನ ಅಂಚು ಎಷ್ಟು ಒಳಗೆ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಮರುದಿನ ಗಿರಣಿಯಿಂದ ಹರಿದ ಎರಡು ಚೀಲ ತಂದುಕೊಟ್ಟರು. ಬಣ್ಣ ಹೆಚ್ಚಾದಷ್ಟೂ ಅಚ್ಚಿನ ಸಿಲಿಂಡರ್ ಹೆಚ್ಚು, ಖರ್ಚು ಜಾಸ್ತಿ ಅಂತ ಗಿರಣಿಯ ಗುಮಾಸ್ತರನ್ನು ಕೇಳಿ ತಿಳಿದು ಹೇಳಿದ್ದೂ ಅವರೇ. ಆರು ಬಣ್ಣದ ಚೀಲ ಮೂರು ಬಣ್ಣಕ್ಕೆ ಇಳಿಯಿತು. ಮಗಳ ಹುಚ್ಚು ಅಂತ ಅವರು ಅಂದುಕೊಂಡಿದ್ದ ಕೆಲಸಕ್ಕೆ ಅವರ ಇಪ್ಪತ್ತು ವರ್ಷದ ಅನುಭವವೇ ಬೇಕಾಗಿತ್ತು. ಇದನ್ನು ನಾನು ಅವರಿಗೆ ಬಾಯಿಬಿಟ್ಟೇ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಚೀಲ ಮಡಚುತ್ತಾ ಕೂತಿದ್ದರು.

ಎಂಟು ವಾರ ಮುಗಿದ ಮೇಲೆ ಕೊಟ್ಟ ಸಲಹೆ ಇದು. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಡ್ಯಾಟ್ ಮತ್ತು ಐಐಟಿ ಬಾಂಬೆ ನಡೆಸುವ ಯುಸೀಡ್, ಡಿಸೈನ್ ಪದವಿಯ ಈ ಎರಡೂ ಪ್ರವೇಶ ಪರೀಕ್ಷೆಗಳನ್ನು ದ್ವಿತೀಯ ಪಿಯುಸಿ ಯಾವ ವಿಭಾಗದಲ್ಲಿ ಓದಿದವರೂ ಬರೆಯಬಹುದು. ಆದ್ದರಿಂದ ಡಿಸೈನ್‌ಗಾಗಿ ಸೈನ್ಸ್ ಬಿಡಬೇಕಿಲ್ಲ, ಸೈನ್ಸ್‌ನಲ್ಲಿ ನರಳುತ್ತಲೇ ಇರಬೇಕು ಅಂತಲೂ ಇಲ್ಲ. ಗಣಿತ ಅವಳಿಗೆ ಇಷ್ಟ, ಭೌತಶಾಸ್ತ್ರದ ಜೊತೆ ಅದೂ ಇದ್ದರೆ ಮುಂದೆ ಆರ್ಕಿಟೆಕ್ಚರ್ ದಾರಿಯೂ ತೆರೆದಿರುತ್ತದೆ. ಹಾಗಾಗಿ ಭೌತಶಾಸ್ತ್ರಕ್ಕೆ ಒಬ್ಬ ಮೇಷ್ಟ್ರ ಸಹಾಯ ಪಡೆದು ಮುಂದುವರಿಯುವುದು ಅಂತ ಅವಳೇ ಆರಿಸಿಕೊಂಡಳು. ಯುಸೀಡ್ 300 ಅಂಕಗಳ ಪರೀಕ್ಷೆ, ಅದರಲ್ಲಿ ಕೈಯಿಂದ ಬಿಡಿಸುವ ಭಾಗಕ್ಕೆ 100. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಅದಕ್ಕೆ ದಿನಾ ಅರ್ಧ ಗಂಟೆ ಇಂಗ್ಲಿಷ್ ಓದು.

ಒಂದು ತಪ್ಪು ಕಲ್ಪನೆಯನ್ನೂ ಬಿಡಿಸಬೇಕಾಯಿತು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆಯಲ್ಲ, ಸೀಟು ಸಿಗುತ್ತದೆ ಅಂತ ಸೋದರಮಾವ ಹೇಳಿದ್ದರು. ಕೊಪ್ಪಳ ಜಿಲ್ಲೆಗೆ ಆ ಸೌಲಭ್ಯ ಇರುವುದು ನಿಜ, ಆದರೆ ಅದು ರಾಜ್ಯದ ಸಂಸ್ಥೆಗಳಿಗೆ. ಎನ್‌ಐಡಿ, ಐಐಟಿಗಳಲ್ಲಿ ನಡೆಯುವುದಿಲ್ಲ. ಈ ಪರೀಕ್ಷೆಗಳಲ್ಲಿ ಪೈಪೋಟಿ ತುಂಬಾ ಇದೆ. ಸೀಟು ಸಿಗದಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಇಂಥ ಕಡೆ ದೃಶ್ಯಕಲೆಯ ಪದವಿ ಓದಿ ಡಿಸೈನ್ ಕೆಲಸಕ್ಕೆ ಬರುವವರೂ ಇದ್ದಾರೆ. ಎನ್‌ಐಡಿ ಖರ್ಚು ಲಕ್ಷಗಳ ಲೆಕ್ಕ ಅನ್ನುವುದನ್ನೂ ಮುಚ್ಚಿಡಲಿಲ್ಲ. ಹಳೆಯ ಸಾಲ ತೀರುವ ಮುಂಚೆ ದುಬಾರಿ ಕೋಚಿಂಗಿಗೆ ಮತ್ತೆ ಸಾಲ ಬೇಡ ಅಂತ ಗಟ್ಟಿಯಾಗಿ ಹೇಳಿದೆ.

ಅವ್ವನಿಗೆ ಹೇಳಿದ್ದು ಬೇರೆ. ನೆರೆಯವರ ಮುಂದೆ "ಡಾಕ್ಟರ್ ಆಗಬೇಕಿತ್ತು, ಬಿಟ್ಟಳು" ಅನ್ನಬೇಡಿ, ಅವಳ ಕಿವಿಗೆ ಬೀಳುತ್ತದೆ. ರಾತ್ರಿ ಹತ್ತೂವರೆಗೆ ದೀಪ ಆರಿಸಿ. ಊಟ ಬಿಟ್ಟ ದಿನ, ನಿದ್ದೆ ಇಲ್ಲದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದನ್ನು ಅವರು ಇವತ್ತಿಗೂ ಮಾಡುತ್ತಿದ್ದಾರೆ. ಕಳೆದ ತಿಂಗಳ ಹಾಳೆಯಲ್ಲಿ ಎರಡೇ ಗುರುತು ಇದ್ದವು.

ಕವಿತಾ ಈಗ ದ್ವಿತೀಯ ಪಿಯುಸಿ. ಭೌತಶಾಸ್ತ್ರದಲ್ಲಿ ಪಾಸಾಗುವಷ್ಟು ಬರುತ್ತಿದೆ. ಎರಡೂ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ಚೀಲದ ಕೆಲಸದ ಪುಸ್ತಕದಲ್ಲಿ ತಪ್ಪುಗಳನ್ನು ಬರೆಯುವ ಪುಟಗಳೇ ಜಾಸ್ತಿ, ಅದರಲ್ಲಿ ಒಂದು ಪುಟ ಅಪ್ಪನ ಕೈಬರಹದಲ್ಲಿದೆ. ನಮ್ಮ ಮುಂದಿನ ಭೇಟಿ ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರ.