‘ದೊಡ್ಡವನು, ನೀನೇ ಬಿಟ್ಟುಕೊಡು’ ಎನ್ನುವ ಮೊದಲು

ಪ್ರಶ್ನೆ: ನನಗೆ 9 ವರ್ಷದ ಮಗ, 5 ವರ್ಷದ ಮಗಳಿದ್ದಾರೆ. ಮೊಬೈಲ್ ಬಿಡಿಸಲೆಂದು ರಜೆಯಲ್ಲಿ ಚೌಕಾಬಾರ ಕಲಿಸಿದೆವು. ಈಗ ಅದರಲ್ಲೇ ದಿನಾ ಜಗಳ. ಅಣ್ಣ ಕಾಯಿ ಕಡಿದರೆ ಮಗಳು ಕವಡೆ ಎಸೆಯುತ್ತಾಳೆ, ಅವನು ಹೊಡೆಯುತ್ತಾನೆ. ‘ನೀನು ದೊಡ್ಡವನು, ಬಿಟ್ಟುಕೊಡು’ ಎಂದು ಹೇಳಿ ಇಬ್ಬರಿಂದಲೂ ‘ಸಾರಿ’ ಹೇಳಿಸುತ್ತೇನೆ. ಮರುದಿನ ಮತ್ತೆ ಅದೇ ಕಥೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಈ ಮಾತು ಕೇಳಿಬರದ ಮನೆಯೇ ನಮ್ಮಲ್ಲಿ ಅಪರೂಪ. ಆದರೆ ಅದರಿಂದ ಆ ಹೊತ್ತಿನ ಗದ್ದಲ ನಿಲ್ಲುತ್ತದೆಯೇ ಹೊರತು ಜಗಳ ಬಗೆಹರಿಯುವುದಿಲ್ಲ. ತಪ್ಪು ಯಾರದೇ ಇರಲಿ ಸೋಲಬೇಕಾದವನು ತಾನೇ ಎಂದು ಮಗನೂ, ಅತ್ತರೆ ಸಾಕು ಗೆಲ್ಲಬಹುದು ಎಂದು ಮಗಳೂ ಕಲಿಯುತ್ತಾರೆ.

ಹೊಡೆತವನ್ನು ಮಾತ್ರ ತಕ್ಷಣ ತಡೆಯಿರಿ, ಅದಕ್ಕೆ ವಿಚಾರಣೆ ಬೇಡ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ನೀರು ಕೊಟ್ಟು, ಉಸಿರು ಹದಕ್ಕೆ ಬರುವವರೆಗೆ ಕಾಯಿರಿ. ಸಿಟ್ಟನ್ನು ತಡೆದು ಯೋಚಿಸಲು ನೆರವಾಗುವ ಮಿದುಳಿನ ಮುಂಭಾಗವು ಪೂರ್ತಿ ಬಲಿಯುವುದು ವಯಸ್ಸು 20 ದಾಟಿದ ಮೇಲೆಯೇ. ಬಿಕ್ಕುತ್ತಿರುವ ಮಗುವಿಗೆ ಆಗಲೇ ಬುದ್ಧಿ ಹೇಳಿದರೆ ಅದಕ್ಕೆ ತಲುಪುವುದು ನಿಮ್ಮ ದನಿಯ ಗಡಸು ಮಾತ್ರ.

ಆಮೇಲೆ ಎದುರುಬದುರು ಕೂರಿಸಿ. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಮುಗಿದ ಮೇಲೆ ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು ಎಂಬುದಷ್ಟೇ ನೀವು ಹಾಕುವ ಕಟ್ಟಳೆ. ‘ನನ್ನ ಕಾಯಿ ಇನ್ನೇನು ಹಣ್ಣಾಗುತ್ತಿತ್ತು, ಅಣ್ಣ ಕಡಿದು ನಕ್ಕ’ ಎಂದು ಮಗಳು ಹೇಳಿದಳೆನ್ನಿ. ಅವಳನ್ನು ನೋಯಿಸಿದ್ದು ಕಾಯಿ ಹೋದದ್ದಲ್ಲ, ಆ ನಗು ಎಂಬುದು ಮಗನಿಗೂ ನಿಮಗೂ ಗೊತ್ತಾಗುವುದು ಆಗಲೇ. ಕವಡೆ ಎಸೆದರೆ ಗೆಲ್ಲುತ್ತಿದ್ದ ಆಟವೇ ಕೆಡುತ್ತದೆ ಎಂಬ ಅವನ ದೂರಿಗೂ ಅಷ್ಟೇ ಬೆಲೆಯಿದೆ. ಚಿಕ್ಕವಳಿಗೆ ಮಾತು ತೋಚದಿದ್ದರೆ ‘ಬೇಜಾರಾಯಿತಾ, ಅವಮಾನವಾಯಿತಾ?’ ಎಂದು ಪದ ಒದಗಿಸಿ, ತೀರ್ಪು ಒದಗಿಸಬೇಡಿ. ‘ನಾಳೆ ಆಡುವಾಗ ಏನು ಮಾಡೋಣ?’ ಎಂಬ ಪ್ರಶ್ನೆಗೆ ಉತ್ತರ ಅವರಿಂದಲೇ ಬರಲಿ. ಚಿಕ್ಕವಳ ಕಾಯಿಯನ್ನು ಮೊದಲ ಸುತ್ತಿನಲ್ಲಿ ಕಡಿಯಬಾರದು ಎಂದೋ, ಕಡಿದಾಗ ನಗಬಾರದು ಎಂದೋ ಅವರು ಕಟ್ಟುವ ನಿಯಮ ನಿಮಗೆ ವಿಚಿತ್ರವೆನಿಸಿದರೂ, ಇಬ್ಬರೂ ಒಪ್ಪಿದ್ದರೆ ತಿದ್ದಲು ಹೋಗಬೇಡಿ.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5ರಿಂದ 10 ವರ್ಷದ ಮಕ್ಕಳ ತಂದೆ–ತಾಯಂದಿರಿಗೆ ಇಂಥದೇ ಮಧ್ಯಸ್ಥಿಕೆ ಕಲಿಸಿದಾಗ, ಮಕ್ಕಳು ಒಡಹುಟ್ಟಿದವರ ಮನಸ್ಸನ್ನು ಹೆಚ್ಚು ಚೆನ್ನಾಗಿ ಅರ್ಥಮಾಡಿಕೊಂಡು ರಾಜಿಗೆ ಬಂದರು. ಹತ್ತು ನಿಮಿಷ ಹಿಡಿಯುವ ಕೆಲಸವಿದು. ಒಲೆಯ ಮೇಲೆ ಸಾರು ಕುದಿಯುವಾಗ ಆಗದಿದ್ದರೆ ಸಂಜೆಗೆ ಇಟ್ಟುಕೊಳ್ಳಿ.

ಬಲವಂತದ ‘ಸಾರಿ’ಯನ್ನು ಬಿಟ್ಟುಬಿಡಿ. ಚೆಲ್ಲಿದ ಕವಡೆಯನ್ನು ಎಸೆದವಳೇ ಆರಿಸಲಿ, ಹೊಡೆದವನು ತಂಗಿಗೆ ಈಗ ಏನು ಬೇಕೆಂದು ಕೇಳಲಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ದಂಪತಿಗಳ ಜಗಳ ಮಕ್ಕಳೆದುರು ನಡೆಯುತ್ತದೆ, ರಾಜಿ ಮಾತ್ರ ಅವರು ಮಲಗಿದ ಮೇಲೆ. ‘ನಿನ್ನೆ ನಾನು ಕೂಗಾಡಿದ್ದು ತಪ್ಪು’ ಎಂದು ನೀವಿಬ್ಬರೂ ಊಟದ ಹೊತ್ತಿನಲ್ಲಿ ಅವರ ಕಿವಿಗೆ ಬೀಳುವಂತೆ ಹೇಳಿಕೊಳ್ಳಿ.

ಮಗಳೇ ಸದಾ ಪೆಟ್ಟು ತಿನ್ನುತ್ತಿದ್ದು ಅಣ್ಣನ ಬಳಿ ಸುಳಿಯಲು ಹೆದರುತ್ತಿದ್ದರೆ ಅದು ಸರಿಸಮರ ಜಗಳವಲ್ಲ. ಆಗ ಎದುರುಬದುರು ಕೂರಿಸದೆ ಅವಳನ್ನು ಕಾಪಾಡಿ, ಮಗನನ್ನು ಮಕ್ಕಳ ಆಪ್ತಸಮಾಲೋಚಕರ ಬಳಿ ಕರೆದೊಯ್ಯಿರಿ.